ಅವ್ವ ಅಂದ್ರ ಯಾರು?

"ಅಮ್ಮಾ, ನೀಲು!"

ಕೂಸು ನೀರು ಬೇಕೆಂದು ದೊಡ್ಡಬಸಮ್ಮನ ಸೆರಗು ಹಿಡಿದು ಜಗ್ಗಿತು. ಕುರುಗೋಡಿನ ಆ ಪುಟ್ಟ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಪಿಎಸ್‌ಐ ಸುನಂದಾ ಅದನ್ನು ಕೇಳಿಯೂ ಕೇಳದವಳಂತೆ ಫೋನಿನಲ್ಲಿ ಮುಳುಗಿದ್ದಳು. ಆ ವಿಡಿಯೊವನ್ನು ಎಷ್ಟು ಸಲ ನೋಡಿದ್ದಳೋ ಅವಳಿಗೇ ನೆನಪಿರಲಿಲ್ಲ.

ವಿಡಿಯೊದಲ್ಲಿ ಆಸ್ಪತ್ರೆಯ ಮಂಚ. ಮಂಚದ ಮೇಲೆ ಈ ಮನೆಯ ಯಜಮಾನ ಜಡೆಪ್ಪನ ಹಿರಿಮಗಳು ಅಕ್ಷತಾ. ಕೂದಲು ಉದುರಿದ ತಲೆಗೆ ಹಳದಿ ವಸ್ತ್ರ, ಮುಂಗೈಯಲ್ಲಿ ಸಲೈನ್ ಸೂಜಿ. ಕಾಯಿಲೆಯ ಮಕ್ಕಳ ಆಸೆ ತೀರಿಸುವ ಹಂಬಲ ಟ್ರಸ್ಟಿನ ಶಶಿರೇಖಾಳ ದನಿ ಕೇಳುತ್ತದೆ. "ನಿನ್ನ ಆಸಿ ಏನೈತಿ ಹೇಳು ಪುಟ್ಟಾ. ವಿಮಾನ ಹತ್ತಬೇಕೇನು? ಹೀರೋನ್ನ ನೋಡಬೇಕೇನು?"

ಹುಡುಗಿ ತಲೆ ಅಲ್ಲಾಡಿಸುತ್ತಾಳೆ. "ನಂಗ ಅವ್ವನ್ನ ನೋಡಬೇಕ್ರಿ. ಅವ್ವನ ಬಾಜೂಕ ಮಲಗಬೇಕು."

ಅಷ್ಟೇ. ಅದಾದ ಮೇಲೆ ಶಶಿರೇಖಾ ಯಾರಿಗೂ ಹೇಳದೆ ಹುಡುಗಿಯನ್ನು ಆಸ್ಪತ್ರೆಯಿಂದ ಎತ್ತಿಕೊಂಡು ಹೋದಳು. ಮರುದಿನ ಹಚ್ಚೊಳ್ಳಿ ಹತ್ತಿರದ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಳು. ಹುಡುಗಿ ಸಿಗಲಿಲ್ಲ.

ಅಕ್ಷತಾಳಿಗೆ ರಕ್ತದ ಕ್ಯಾನ್ಸರ್. ಬೇಗ ರಕ್ತ ಏರಿಸದೆ ಹೋದರೆ ಆಮೇಲೆ ಹುಡುಕಿಯೂ ಉಪಯೋಗವಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಆ ಮಾತು ಸುನಂದಾಳಿಗೆ ಅನ್ನ ಇಳಿಯಲು ಬಿಟ್ಟಿರಲಿಲ್ಲ.

ಅವ್ವ ಎಂದರೆ ತಾಯಿ. ಇದರಲ್ಲಿ ಪತ್ತೆ ಮಾಡುವುದೇನಿದೆ? ಸುನಂದಾ ತನ್ನ ತಾಯಿಯನ್ನು ಕರೆಯುವುದೂ ಅವ್ವ ಎಂದೇ. ದೊಡ್ಡಬಸಮ್ಮ ಜಡೆಪ್ಪನ ಎರಡನೇ ಹೆಂಡತಿ. ಅಕ್ಷತಾಳನ್ನು ಹೆತ್ತವಳು ಗಂಡನನ್ನು ಬಿಟ್ಟು ಆದೋನಿ ಸೇರಿ ಬಹಳ ಕಾಲವಾಗಿತ್ತು. ಹೆಣ ಸಿಕ್ಕ ಹಚ್ಚೊಳ್ಳಿಯೋ ಆಂಧ್ರದ ಗಡಿಯ ಊರು, ಆದೋನಿಯ ದಿಕ್ಕು. ಇಷ್ಟು ಸಾಕಾಗಿತ್ತು ನಮ್ಮ ಪಿಎಸ್‌ಐ ಮೇಡಂಗೆ. ಜೀಪು ಹತ್ತಿ ಆದೋನಿಗೆ ಓಡಿದ್ದಳು. ಅಲ್ಲಿ ಆ ಹೆಂಗಸು ಚಹಾ ಕೊಟ್ಟು, ಮಗಳ ಫೋಟೊ ನೋಡಿ ಅತ್ತಳೇ ಹೊರತು ಅವಳಿಗೆ ಏನೂ ಗೊತ್ತಿರಲಿಲ್ಲ. ಇಡೀ ಒಂದು ದಿನ ಮಣ್ಣುಪಾಲಾಗಿತ್ತು.

"ಅಮ್ಮಾ!" ಕೂಸು ಈ ಸಲ ಕಿರುಚಿತು.

ಸುನಂದಾ ಫೋನ್ ಕೆಳಗಿಟ್ಟು, ಸುಮ್ಮನೆ ಮಾತಿಗೆಂದು ಕೇಳಿದಳು. "ಈಕಿ ನಿಮಗ ಅವ್ವ ಅನ್ನಂಗಿಲ್ಲೇನು?"

ಅತ್ತು ಕೆಂಪಾದ ಕಣ್ಣಲ್ಲೇ ದೊಡ್ಡಬಸಮ್ಮ ಹುಬ್ಬು ಗಂಟಿಕ್ಕಿದಳು. "ನನಗ ಯಾಕ ಅವ್ವ ಅಂತಾಳ್ರಿ? ನಾನೇನು ಮುದುಕಿ ಆಗೀನೇನು?"

ಸುನಂದಾ ನೆಟ್ಟಗೆ ಕುಳಿತಳು. "ಅಂದ್ರ?"

"ನಮ್ಮ ಮನ್ಯಾಗ ತೆಲುಗು ಮಾತಲ್ರಿ ಮೇಡಂ. ಹೆತ್ತಾಕಿ ಅಮ್ಮ. ಅವ್ವ ಅಂದ್ರ ಅಪ್ಪನ ತಾಯಿ."

"ಅಕ್ಷತಾ ನಿಮ್ಮನ್ನ ಏನಂತಾಳ?"

"ಅಮ್ಮ ಅಂತಾಳ್ರಿ. ಆಕೀನ್ನೂ ಆದೋನಿ ಅಮ್ಮ ಅಂತಿದ್ಲು."

ಸುನಂದಾಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸಿತು. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವಳು ಅವಳು. ಬೀದಿಯ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ತೆಲುಗು ಕೇಳುತ್ತಲೇ ದೊಡ್ಡವಳಾದವಳು. ಆದರೂ ಅವ್ವ ಎಂಬ ಮಾತು ಕಿವಿಗೆ ಬಿದ್ದೊಡನೆ ಅವಳ ಕಣ್ಣ ಮುಂದೆ ಬಂದದ್ದು ತನ್ನ ಮನೆಯ ಅವ್ವನೇ.

"ಇದನ್ನ ನಮಗ ಮೊದಲ ಯಾಕ ಹೇಳಲಿಲ್ಲ?"

"ನಾ ಎಲ್ಲಿ ಆ ವಿಡಿಯೊ ನೋಡೀನ್ರಿ? ಫೋನು ಅವರ ಕೂಡ ಇರ್ತೈತಿ. ಆದೋನಿ ವಿಳಾಸ ಕೊಟ್ಟಾವರೂ ನಮ್ಮನಿಯವರ ಅಲ್ರಿ?"

ಹೌದು, ಕೊಟ್ಟವನು ಜಡೆಪ್ಪ. ಇದೇ ಮನೆಯ ಮಾತು ಆಡುವವನು. ವಿಡಿಯೊವನ್ನು ಸುನಂದಾಳ ಮಗ್ಗುಲಲ್ಲೇ ನಿಂತು ನೋಡಿದವನು. ಮಗಳನ್ನು ಕಳೆದುಕೊಂಡವನ ಬುದ್ಧಿ ನೆಟ್ಟಗಿರುವುದಿಲ್ಲ ಎಂದು ಸುನಂದಾ ಆ ಯೋಚನೆಯನ್ನು ಪಕ್ಕಕ್ಕೆ ತಳ್ಳಿದಳು. ಈಗಲೂ ಅವನು ಪೊಲೀಸರ ಜೊತೆ ಹಚ್ಚೊಳ್ಳಿಯ ಕಾಲುವೆಯ ಏರಿಯ ಮೇಲೆ ಮಗಳ ಹೆಸರು ಕೂಗುತ್ತ ಓಡಾಡುತ್ತಿದ್ದ.

"ಆ ಅವ್ವ ಎಲ್ಲಿ ಅದಾಳ?"

"ಎರ್ರೆಮ್ಮತ್ತೀನ್ರಿ? ಸತ್ತು ಎರಡು ವರ್ಷ ಆತು."

"ಹೆಂಗ ಸತ್ಲು?"

"ಹೊಟ್ಟ್ಯಾಗ ಗಡ್ಡಿ ಆಗಿತ್ರಿ. ಹಂಬಲ ಟ್ರಸ್ಟಿನಾವರು ದೊಡ್ಡಾವರ ಆಸೀನೂ ತೀರಸ್ತಾರಲ್ರಿ, ಬಂದು ಕೇಳಿದ್ರು. ಶ್ರೀಶೈಲದ ಮಲ್ಲಯ್ಯನ್ನ ಒಮ್ಮಿ ನೋಡಬೇಕು ಅಂದ್ಲು. ಕಾರ್ ಕಳಿಸಿದ್ರು. ಮುಂದಿನ ಸೀಟಿನ್ಯಾಗ ರಾಣಿ ಕುಂತಂಗ ಕುಂತು ಹೋದ್ಲು. ಅಲ್ಲೇ ಹೋಗಿಬಿಟ್ಲು ಅಂತ ಸುದ್ದಿ ಬಂತು. ನಮ್ಮನಿಯವರೊಬ್ಬರ ಹೋಗಿ ಮಣ್ಣು ಮಾಡಿ, ತಲಿ ಬೋಳಿಸಿಕೊಂಡು ಬಂದ್ರು."

"ನೀವು ಯಾರೂ ಹೆಣ ನೋಡಲಿಲ್ಲ?"

"ಇಲ್ರಿ."

ದೊಡ್ಡಬಸಮ್ಮ ಕೂಸಿಗೆ ನೀರು ಕುಡಿಸಿದಳು. ಆಮೇಲೆ, ಹೇಳಲೋ ಬೇಡವೋ ಎಂಬಂತೆ ದನಿ ತಗ್ಗಿಸಿದಳು. "ಒಂದು ಮಾತು ಐತ್ರಿ. ಮೊನ್ನೆ ಯುಗಾದಿ ಹೊತ್ತಿನ್ಯಾಗ ಟ್ರಸ್ಟಿನಾವರು ಈ ಬ್ಯಾನಿ ಮಕ್ಕಳನ್ನ ಸಿರುಗುಪ್ಪಕ್ಕ ಕರ್ಕೊಂಡು ಹೋಗಿದ್ರು. ಅಲ್ಲಿ ಅವರದ ಒಂದು ಆರೈಕಿ ಮನಿ ಐತಿ. ಹಾಸಿಗಿ ಹಿಡದ ಮುದುಕರಿಗೆ ಮಕ್ಕಳ ಕೈಲೆ ಹಣ್ಣು ಕೊಡಿಸಿದ್ರು. ಅಕ್ಷತಾ ಬಂದಾಕೀನ, ಅವ್ವ ಅಲ್ಲಿ ಅದಾಳ, ನನ್ನ ತಲಿ ಸವರಿದ್ಲು ಅಂತ ಒಂದ ಸಮ ಹೇಳಾಕ ಹತ್ತಿದ್ಲು."

"ಜಡೆಪ್ಪ ಏನಂದ?"

"ಹೊಡದ್ರು ಮೇಡಂ." ಅವಳ ಕಣ್ಣು ಮತ್ತೆ ತುಂಬಿತು. "ಸತ್ತಾವರ ಹೆಸರು ತೆಗೀಬ್ಯಾಡ ಅಂತ. ಹುಟ್ಟಿದಾಗಿಂದ ಆಕಿ ಮೈಮ್ಯಾಲೆ ಕೈ ಎತ್ತಿದಾವರಲ್ಲ. ಅವತ್ತ ಹೊಡದ್ರು."

ಸುನಂದಾ ಚಪ್ಪಲಿ ಮೆಟ್ಟುವುದರೊಳಗೆ ಹೆಡ್ ಕಾನ್‌ಸ್ಟೇಬಲ್ ಹುಲುಗೇಶ್ ಜೀಪು ಚಾಲೂ ಮಾಡಿದ್ದ. ನೇರ ಸಿರುಗುಪ್ಪಕ್ಕೆ ಹೋಗೋಣವೆಂದು ಒಂದು ಗಳಿಗೆ ಅನ್ನಿಸಿತು. ಆದರೆ ಯಾವ ಹೆಸರಿನಿಂದ ಕೇಳುವುದು? ಸತ್ತವಳನ್ನು ತೋರಿಸಿ ಎಂದರೆ ತೋರಿಸುವವರು ಯಾರು? ಮುದುಕಿಯನ್ನು ಕಾರು ಹತ್ತಿಸಿದವರ ಬಾಯಿಂದಲೇ ಅದು ಹೊರಬೀಳಬೇಕು.

"ಸತ್ಯನಾರಾಯಣಪೇಟಿಗೆ ನಡಿ," ಎಂದಳು.

* * *

ಬಳ್ಳಾರಿಯ ಆ ಪೇಟೆಯಲ್ಲಿ, ಹಂಬಲ ಟ್ರಸ್ಟಿನ ಅಧ್ಯಕ್ಷ ವೀರಭದ್ರಪ್ಪನ ಮನೆಯ ಕೆಳಗಿನ ಹಾಲೇ ಟ್ರಸ್ಟಿನ ಆಫೀಸು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇರುವ ಕುಳ. ಹಣೆಯ ತುಂಬ ವಿಭೂತಿ, ಇಸ್ತ್ರಿ ಕೆಡದ ಬಿಳಿ ಅಂಗಿ, ಮಾತಿಗಿಂತ ಮೊದಲು ನಗು. ಇಂಥವರನ್ನು ಅನುಮಾನಿಸಿದರೆ ನಮಗೇ ಪಾಪ ತಟ್ಟುತ್ತದೆ ಎನ್ನಿಸುವಂತೆ ಬದುಕುವುದೂ ಒಂದು ವಿದ್ಯೆ. ಅದರಲ್ಲಿ ಅವನು ಪಳಗಿದ್ದ.

ಗೋಡೆಯ ತುಂಬ ಆಸೆ ತೀರಿದ ಮಕ್ಕಳ ಫೋಟೊಗಳು. ಒಬ್ಬಳು ಆನೆಯ ಸೊಂಡಿಲಿಗೆ ಕೆನ್ನೆ ಒತ್ತಿ ನಿಂತಿದ್ದಾಳೆ. ಒಬ್ಬ ವಿಮಾನದ ಮೆಟ್ಟಿಲ ಮೇಲೆ ಕೈ ಬೀಸುತ್ತಿದ್ದಾನೆ. ನಡುವೆ, ತನಗಿಂತ ದೊಡ್ಡದಾದ ಖಾಕಿ ತೊಟ್ಟು ಸುನಂದಾಳ ಕುರ್ಚಿಯಲ್ಲೇ ಕುಳಿತ ಸಮ್ರಾಟ್, ಒಂದು ದಿನದ ಇನ್‌ಸ್ಪೆಕ್ಟರ್. ಮಗ್ಗುಲಲ್ಲಿ ಸಲ್ಯೂಟ್ ಹೊಡೆಯುತ್ತಿರುವವಳು ಸುನಂದಾ. ಅವತ್ತು ಆ ಹುಡುಗ ಠಾಣೆಯಲ್ಲಿದ್ದವರನ್ನೆಲ್ಲ ಅರೆಸ್ಟ್ ಮಾಡಲು ಹುಕುಂ ಕೊಟ್ಟು, ಹುಲುಗೇಶನನ್ನು ಲಾಕಪ್ಪಿಗೆ ಹಾಕಿಸಿ ನಕ್ಕಿದ್ದ. ಮಳೆಗಾಲ ಬರುವುದರೊಳಗೆ ಹೋಗಿಬಿಟ್ಟ. ಆ ಸುದ್ದಿ ಕೇಳಿದ ದಿನ ಸುನಂದಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

"ನೋಡಮ್ಮಾ, ಅವನ ತಾಯಿ ಇವತ್ತಿಗೂ ಈ ಫೋಟೊಕ್ಕ ಹೂವು ಏರಸ್ತಾಳ," ಎಂದ ವೀರಭದ್ರಪ್ಪ, ಅವಳ ನೋಟ ಹೋದ ಕಡೆ ತಾನೂ ನೋಡುತ್ತ. "ಕುಂದರ್ರಿ. ಹುಡುಗಿ ಸುಳಿವು ಏನಾರ ಸಿಕ್ತೇನು?"

ಸುನಂದಾ ಕುಳಿತಳು. ಕುರುಗೋಡಿನಲ್ಲಿ ಕೇಳಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು. "ಇಲ್ರಿ ಸಾವುಕಾರ್ರ. ಒಂದು ಮಾತು ಕೇಳಿ ಹೋಗೂಣು ಅಂತ ಬಂದೆ. ಆಸಿ ತೀರಿಸೋದ ನಿಮ್ಮ ಟ್ರಸ್ಟಿನ ಕೆಲಸ. ಹಂಗಿದ್ದ ಮ್ಯಾಲೆ ಶಶಿರೇಖಾ ಯಾಕ ಕದ್ದು ಕರ್ಕೊಂಡು ಹೋದ್ಲು?"

"ಆಕಿ ಬಂದು ಕೇಳಿದ್ಲು. ನಾ ಬ್ಯಾಡ ಅಂದೆ."

"ಯಾಕ್ರಿ? ಹುಡುಗಿ ವಿಮಾನ ಕೇಳಲಿಲ್ಲ, ಆನಿ ಕೇಳಲಿಲ್ಲ. ಅವ್ವನ್ನ ಕೇಳ್ತು. ಅಷ್ಟೂ ಆಗಲಿಲ್ಲೇನು ನಿಮಗ?"

ಆ ಮಾತು ಅವನಿಗೆ ನಾಟಿತು. ಊರೆಲ್ಲ ಪುಣ್ಯವಂತ ಎನ್ನುವಾಗ ಎದುರು ಕುಳಿತ ಹೆಣ್ಣುಮಗಳೊಬ್ಬಳು ಹೀಗೆ ಅಂದರೆ ಯಾರಿಗಾದರೂ ಉರಿಯುತ್ತದೆ.

"ಎಲ್ಲಾ ಆಸಿ ತೀರಿಸಾಕ ನಾನೇನು ದೇವರೇನಮ್ಮಾ? ಸತ್ತಾಕಿನ್ನ ಎಲ್ಲಿಂದ ತರಲಿ?"

ಫ್ಯಾನು ತಿರುಗುತ್ತಿತ್ತು. ಹೊರಗೆ ತಳ್ಳುಗಾಡಿಯವನು ಟೊಮೆಟೊ ಕೂಗುತ್ತ ಹೋದ.

"ಯಾರು ಸತ್ತಾರ್ರಿ?" ಸುನಂದಾ ಮೆಲ್ಲಗೆ ಕೇಳಿದಳು. "ಹುಡುಗಿ ತಾಯಿ ಆದೋನ್ಯಾಗ ಗಟ್ಟಿಮುಟ್ಟಾಗಿ ಅದಾಳ. ನಿನ್ನೆ ಆಕಿ ಕೈಯಾಗಿನ ಚಾ ಕುಡದು ಬಂದೀನಿ."

ವೀರಭದ್ರಪ್ಪನ ನಗು ಮುಖದ ಮೇಲೆ ಹಾಗೇ ನಿಂತಿತ್ತು. ಕೆಳಗೆ ಇಳಿಯುವುದು ಹೇಗೆಂದು ಅದಕ್ಕೆ ಗೊತ್ತಾಗಲಿಲ್ಲ.

"ನಿಮ್ಮ ತಾಯೀನ್ನ ಏನಂತ ಕರೀತಿದ್ರಿ ನೀವು?"

"ಅವ್ವ... ಅವ್ವ ಅಂತ."

"ನಾನೂ ಹಂಗ. ಅದಕ್ಕ ನಾ ಆದೋನಿಗೆ ಓಡಿದೆ. ಪೇಪರಿನ್ಯಾಗ, ಟಿವ್ಯಾಗ, ಎಲ್ಲಾ ಕಡೀನೂ ಹುಡುಗಿ ತಾಯೀನ್ನ ಕೇಳ್ತು ಅಂತನ ಬಂದೈತಿ. ಅವ್ವ ಅಂದ್ರ ಎರ್ರೆಮ್ಮ ಅಂತ ನಿಮಗೊಬ್ಬರಿಗೆ ಹೆಂಗ ತಿಳೀತು?"

"ಶಶಿರೇಖಾ ಹೇಳಿದ್ಲು."

"ಹೌದ? ಹಂಗಿದ್ರ ನಾ ದಾರಿ ತಪ್ಪಿ ಓಡಾಡೋದನ್ನ ಬಾಯಿ ಮುಚಗೊಂಡು ಯಾಕ ನೋಡಿದ್ರಿ?" ಸುನಂದಾ ಎದ್ದು ನಿಂತಳು. "ಎರ್ರೆಮ್ಮನ್ನ ಶ್ರೀಶೈಲದಾಗ ಎಲ್ಲಿ ಮಣ್ಣು ಮಾಡೀರಿ? ಏಳ್ರಿ. ಈಗ ಹೋಗೂಣು. ಆ ಜಾಗ ನನಗ ತೋರಿಸ್ರಿ."

ಅವನು ಏಳಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ, ಕುಡಿಯದೆ ಮತ್ತೆ ಅಲ್ಲೇ ಇಟ್ಟ.

"ಆಕಿ ಸತ್ತಿಲ್ಲ," ಎಂದ.

ಸುನಂದಾ ಕುರ್ಚಿ ಹತ್ತಿರ ಎಳೆದುಕೊಂಡು ಮತ್ತೆ ಕುಳಿತಳು.

"ಹಚ್ಚೊಳ್ಳ್ಯಾಗ ಆಕಿ ಹೆಸರಿಲೆ ಕಾಲುವಿ ನೀರಿನ ಹೊಲ ಇತ್ತು. ನಾ ಇನ್ನೊಂದು ಗಿರಣಿ ಹಾಕಾಕ ಕೇಳಿದ್ದೆ. ಮುದುಕಿ ಒಲ್ಲೆ ಅಂತು. ಡಾಕ್ಟರು ಇನ್ನೊಂದು ತಿಂಗಳು ಅಂದಿದ್ರು. ಹೆಂಗೂ ಹೋಗಾಕೀನ ಅಲ್ಲೇನಮ್ಮಾ? ಸ್ವಲ್ಪ ಮೊದಲ ಸತ್ಲು ಅಂತ ಹೇಳಿದ್ವಿ, ಅಷ್ಟ. ಹೊಲ ಮಗನ ಹೆಸರಿಗೆ ಬಂತು, ನಾ ತಗೊಂಡೆ, ಕಾಗದಾ ಪತ್ರಾ ಎಲ್ಲಾ ಆದ್ವು. ಆದ್ರ ಆಕಿ ಸಾಯಲಿಲ್ಲ. ನಾನೇನು ಮಾಡ್ಲಿ? ಸಿರುಗುಪ್ಪದಾಗ ಇಟ್ಟು ಅನ್ನ ಹಾಕೀನಿ, ಔಷಧ ಕೊಡಸೀನಿ."

ಅನ್ನ ಹಾಕಿದ್ದನ್ನೂ ಪುಣ್ಯದ ಬುಟ್ಟಿಗೆ ಸೇರಿಸುತ್ತಿದ್ದಾನಲ್ಲ ಎಂದು ಸುನಂದಾಳ ಮೈ ಉರಿದುಹೋಯಿತು.

"ಹೇಳಿದ್ವಿ ಅಂದ್ರಿ. ನೀವು ಮತ್ತ ಯಾರು?"

ವೀರಭದ್ರಪ್ಪ ಗೋಡೆಯ ಫೋಟೊಗಳ ಕಡೆ ನೋಡಿದ. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ.

"ಜಡೆಪ್ಪ. ಮುದುಕಿ ಇರೋತನಕ ಹೊಲ ಕೈಗೆ ಬರಂಗಿಲ್ಲ, ಸತ್ಲು ಅಂತ ಮಾಡಿಬಿಡೂಣು ಅಂತ ಮೊದಲ ಅಂದಾವನ ಅವ."

ಪಕ್ಕಕ್ಕೆ ತಳ್ಳಿದ್ದ ಯೋಚನೆ ಈಗ ಎದುರು ಬಂದು ನಿಂತಿತು. ಬದುಕಿರುವ ತಾಯಿಗಾಗಿ ತಲೆ ಬೋಳಿಸಿಕೊಂಡ ಮಗ. ಅವ್ವನನ್ನು ಕಂಡೆ ಎಂದದ್ದಕ್ಕೆ ಮಗಳ ಮೇಲೆ ಕೈ ಎತ್ತಿದ ಅಪ್ಪ. ತನ್ನನ್ನು ಆದೋನಿಗೆ ಕಳಿಸಿದವನು ಕೂಡ.

"ಶಶಿರೇಖಾನ್ನ ಕೊಂದಾವರು ಯಾರು?"

"ಬಸವಣ್ಣನ ಆಣಿಗೂ ನಂಗೊತ್ತಿಲ್ಲ. ಆಕಿ ಹುಡುಗೀನ್ನ ಸಿರುಗುಪ್ಪಕ್ಕ ಕರ್ಕೊಂಡು ಬಂದಾಳ ಅಂತ ಅಲ್ಲಿಂದ ಫೋನ್ ಬಂತು. ನಾ ಜಡೆಪ್ಪಗ ಫೋನ್ ಮಾಡಿ ಹೇಳಿದೆ. ನಾ ಮಾಡಿದ್ದು ಅಷ್ಟ."

"ಅಷ್ಟ," ಎಂದಳು ಸುನಂದಾ. ಕೌಲ್ ಬಜಾರಿನ ಓಣಿಯಲ್ಲಿ ಶಶಿರೇಖಾಳ ತಾಯಿ ತನ್ನ ಎರಡೂ ಕೈ ಹಿಡಿದು ಮಾತೇ ಬಾರದೆ ನಿಂತದ್ದು ನೆನಪಾಯಿತು. ಈ ಮನುಷ್ಯನ ಬಿಳಿ ಅಂಗಿಯ ಕೊರಳಪಟ್ಟಿ ಹಿಡಿಯದಿರಲು ಅವಳು ಕೈ ಕಟ್ಟಿಕೊಳ್ಳಬೇಕಾಯಿತು.

ಅವನನ್ನು ಜೀಪಿನ ಹಿಂದೆ ಕೂರಿಸಿ, ಹಚ್ಚೊಳ್ಳಿಯಲ್ಲಿದ್ದ ತನ್ನ ಸಿಬ್ಬಂದಿಗೆ ಫೋನ್ ಮಾಡಿದಳು. "ಜಡೆಪ್ಪ ನಿಮ್ಮ ಕೂಡನ ಅದಾನಲ್ಲ? ಹಿಡದು ಕುಂದರಿಸ್ರಿ. ಎಲ್ಲಿಗೂ ಬಿಡಬ್ಯಾಡ್ರಿ."

* * *

ಸಿರುಗುಪ್ಪದ ಆರೈಕೆ ಮನೆ ಗಿರಣಿಯ ಹಿಂದೆಯೇ ಇತ್ತು. ಭತ್ತ ಬೇಯಿಸಿದ ವಾಸನೆ ಒಳಗಿನ ಡೆಟ್ಟಾಲ್ ವಾಸನೆಯ ಜೊತೆ ಬೆರೆತಿತ್ತು. ವೀರಭದ್ರಪ್ಪನನ್ನು ಕಾಯಲು ಹುಲುಗೇಶನನ್ನು ಜೀಪಿನಲ್ಲೇ ಬಿಟ್ಟು ಸುನಂದಾ ಒಬ್ಬಳೇ ಒಳಗೆ ಹೋದಳು.

ವೀರಭದ್ರಪ್ಪ ಹೇಳಿದ್ದ ಕೊನೆಯ ಕೋಣೆ. ಇಲ್ಲಿಯವರ ಪಾಲಿಗೆ ಎರ್ರೆಮ್ಮನ ಹೆಸರು ಶಿವಮ್ಮ. ಹಾಸಿಗೆಯಲ್ಲಿ ಮನುಷ್ಯಳಿಗಿಂತ ಹೊದಿಕೆಯೇ ಹೆಚ್ಚಾಗಿತ್ತು. ಆದರೆ ಮುಖ ತಿರುಗಿಸಿದಾಗ ಸುನಂದಾಳಿಗೆ ಗುರುತು ಹತ್ತಿತು. ವಿಡಿಯೊದ ಹುಡುಗಿಯ ಕಣ್ಣುಗಳೇ.

"ಎರ್ರೆಮ್ಮ," ಎಂದು ಕರೆದಳು.

ಎರಡು ವರ್ಷದಿಂದ ಯಾರೂ ಕರೆಯದ ಹೆಸರು ಕೇಳಿ ಮುದುಕಿ ತಲೆ ಎತ್ತಲು ನೋಡಿದಳು. "ಪೊಲೀಸ್ಯಾಕಿ ಏನು ನೀನು?"

"ಹೌದು. ಮೊಮ್ಮಗಳು ಬಂದಿದ್ಲೇನು?"

"ಬಂದಿದ್ಲು. ಇಲ್ಲೇ ಮಲಗಿದ್ಲು." ಎರ್ರೆಮ್ಮ ಮಗ್ಗುಲಿನ ಜಾಗ ಸವರಿದಳು. ಹಾಸಿಗೆಯ ಬಟ್ಟೆಯ ಮೇಲೆ ಒಣಗಿದ ರಕ್ತದ ಕಲೆಯಿತ್ತು. "ಮೂಗಿಲೆ ರಕ್ತ ಬಂತು. ನನ್ನ ಸೆರಗಿಲೆ ಒರಸಿದೆ. ನಿಲ್ಲಲೇ ಇಲ್ಲ."

ಸುನಂದಾ ಮಂಚದ ಅಂಚಿಗೆ ಕುಳಿತಳು. "ಆಮ್ಯಾಲೆ?"

"ಜಡೆಪ್ಪ ಬಂದ. ಕರ್ಕೊಂಡು ಬಂದಿದ್ದಾಕಿ, ಊರಿಗೆಲ್ಲಾ ಹೇಳ್ತೀನಿ ಅಂತ ಕೂಗ್ಯಾಡಿದ್ಲು. ಆಕಿ ಕೈ ಹಿಡದು ಎಳಕೊಂಡು ಹೋದ. ತಿರುಗಿ ಬರಬೇಕಾದ್ರ ಒಬ್ಬನ ಬಂದ. ಮೈಯೆಲ್ಲಾ ನೀರು. ಹುಡುಗೀನ್ನ ಹೆಗಲ ಮ್ಯಾಲೆ ಹಾಕ್ಕೊಂಡ."

"ಎಲ್ಲಿಗೆ ಒಯ್ದ?"

"ನನ್ನ ಕಿವ್ಯಾಗ ಹೇಳಿ ಹೋದ. ಬ್ಯಾರೆ ಯಾರಿಗೂ ಗೊತ್ತಿಲ್ಲ."

"ಎಲ್ಲಿಗೆ? ಆ ಹುಡುಗಿಗೆ ಜಲ್ದಿ ರಕ್ತ ಏರಸಬೇಕು. ಇಲ್ಲಾಂದ್ರ ಉಳಿಯಂಗಿಲ್ಲ."

ಮುದುಕಿ ಕಣ್ಣು ಮುಚ್ಚಿದಳು. ಮುಚ್ಚಿಕೊಂಡೇ ಮಾತಾಡಿದಳು. "ನನ್ನ ಆಸಿ ಏನು ಅಂತ ಬಂದು ಕೇಳಿದ್ರು. ಮಲ್ಲಯ್ಯನ್ನ ನೋಡಬೇಕು ಅಂದೆ. ಇಲ್ಲಿ ತಂದು ಒಗದ್ರು. ಮಗ ಬಂದು ಕಾಲು ಹಿಡಕೊಂಡ. ನೀ ಸತ್ತೀ ಅಂತ ತಿಳಕೋ, ಇಲ್ಲಾಂದ್ರ ನಾ ಜೈಲಿಗೆ ಹೋಗ್ತೀನಿ ಅಂದ. ಆತಪ್ಪಾ ಅಂದೆ. ಸತ್ತೆ." ಉಸಿರು ತೆಗೆದುಕೊಳ್ಳಲು ಹೊತ್ತು ಹಿಡಿಯಿತು. "ಈಗ ನನಗ ಒಂದ ಆಸಿ ಐತಿ. ನನ್ನ ಮಗನ್ನ ಹಿಡಿಯಂಗಿಲ್ಲ ಅಂತ ಭಾಷಿ ಕೊಡು. ಹುಡುಗಿ ಎಲ್ಲಿ ಐತಿ ಹೇಳ್ತೀನಿ."

"ಅವ ಒಬ್ಬಾಕಿನ್ನ ಕೊಂದಾನಮ್ಮಾ."

"ಗೊತ್ತೈತಿ. ನಿನಗ ಮಕ್ಕಳದಾವೇನು?"

"ಒಬ್ಬಾಕಿ ಮಗಳು."

"ಆಕಿ ಹೆಸರು ತಗೊಂಡು ಆಣಿ ಮಾಡು."

ಮಗಳ ಮೇಲೆ ಸುಳ್ಳು ಆಣೆ ಇಟ್ಟ ಹೆಂಗಸನ್ನು ಸುನಂದಾ ತನ್ನ ಊರಲ್ಲಿ ಕಂಡಿಲ್ಲ, ಕೇಳಿಲ್ಲ. ಅವಳಿಗೆ ಹೆದರಿಕೆಯಾಯಿತು, ಖಾಕಿ ತೊಟ್ಟರೂ ಆಯಿತು. ಆದರೆ ಎಲ್ಲೋ ಒಂದು ಕಡೆ ಹಳದಿ ವಸ್ತ್ರದ ಹುಡುಗಿಯ ಮೂಗಿನಿಂದ ರಕ್ತ ಸೋರುತ್ತಿತ್ತು. ಹೊರಗೆ ಹೋದ ಕೂಡಲೇ ಫೋನ್ ಮಾಡಿ ಹಚ್ಚೊಳ್ಳಿಯವರನ್ನು ತಡೆದರಾಯಿತು, ಕೋರ್ಟು ಕಾನೂನಿನ ಮಾತು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಳು.

ಎರ್ರೆಮ್ಮನ ಕೈಯಲ್ಲಿ ಕೈ ಇಟ್ಟು, ಮಗಳ ಹೆಸರು ಹೇಳಿ ಆಣೆ ಮಾಡಿದಳು.

ಮುದುಕಿ ಅವಳ ಕೈಯನ್ನು ಎದೆಗೆ ಒತ್ತಿಕೊಂಡಳು. ಹತ್ತಿರ ಬಾ ಎಂದು ಕಣ್ಣಲ್ಲೇ ಕರೆದಳು. ಸುನಂದಾ ಬಗ್ಗಿ ಕಿವಿ ಕೊಟ್ಟಳು.

ಬಾಗಿಲು ದಡಾರನೆ ತೆರೆಯಿತು. ಓಡಿಬಂದ ಹುಲುಗೇಶ್ ಮಂಚದ ಮೇಲೆ ಮಲಗಿದವರು ಯಾರೆಂದು ನೋಡುವ ಗೊಡವೆಗೇ ಹೋಗಲಿಲ್ಲ.

"ಮೇಡಂ, ಜಡೆಪ್ಪನ್ನ ಹಿಡಿಯಾಕ ಹೋದ್ರ ಕಾಲುವಿಗೆ ಹಾರಿದ್ನಂತ್ರಿ. ಈಗ ಹೆಣ ತೆಗದ್ರಂತ."

ಸುನಂದಾಳ ಕೈಯೊಳಗಿನ ಕೈ ಸಡಿಲವಾಯಿತು. ಎರ್ರೆಮ್ಮ ಹುಡುಗಿ ಇರುವ ಜಾಗ ಹೇಳಲೆಂದು ತೆರೆದಿದ್ದ ಬಾಯಿ ಮುಚ್ಚಿಕೊಂಡು, ಗೋಡೆಯ ಕಡೆ ಹೊರಳಿ ಮಲಗಿದಳು.